ಎಲೆಗೆ ಬಾರದ ಮೆಣಸಿನಕಾಯಿ

ನಮ್ಮ ಆತ್ಯಾ ತನ್ನ ಜೀವಮಾನದಲ್ಲಿ ಎಷ್ಟು ಮಂದಿ ಸತ್ತವರಿಗೆ ಅಡಿಗೆ ಮಾಡಿ ಹಾಕಿದ್ದಾಳೆ ಎಂಬುದನ್ನು ಆ ಸತ್ತವರೇ ಬಂದು ಹೇಳಬೇಕು. ಆತ್ಯಾ ಎಂದರೆ ಅಪ್ಪನ ತಂಗಿ. ಮರಾಠಿ ಮಾತು, ನಮ್ಮ ಮನೆಗಳಲ್ಲಿ ನಮ್ಮದೇ ಆಗಿಹೋಗಿದೆ. ಅವಳ ಹೆಸರು ಅನಸೂಯಾಬಾಯಿ. ಕಲಬುರಗಿಯ ಶಹಾಬಜಾರದಲ್ಲಿ, ಎರಡು ಎಮ್ಮೆ ಎದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕಾದಂಥ ಓಣಿಯಲ್ಲಿ, ಒಂದು ಪಡಸಾಲೆ, ಒಂದು ಅಡಿಗೆಮನೆ, ಒಂದು ಬಚ್ಚಲಿನ ಬಾಡಿಗೆ ಮನೆ ಅವಳದು. ಗಂಡ ತೀರಿಕೊಂಡಾಗ ಅವಳಿನ್ನೂ ಚಿಕ್ಕವಳು, ಮಕ್ಕಳಿರಲಿಲ್ಲ. ಕಮಲಾಪುರದಲ್ಲಿ ಮಾಸ್ತರರಾಗಿದ್ದ ನಮ್ಮಪ್ಪ ವಿಠ್ಠಲರಾಯರು ‘ನಮ್ಮಲ್ಲಿಗೇ ಬಂದುಬಿಡು’ ಎಂದು ಗಾಡಿ ತೆಗೆದುಕೊಂಡೇ ಹೋಗಿದ್ದರಂತೆ. ಅವಳು ಗಾಡಿಯವನಿಗೆ ಚಹಾ ಕೊಟ್ಟು ವಾಪಸು ಕಳಿಸಿದಳು.

“ಅಣ್ಣನ ಮನ್ಯಾಗ ನನಗ ಎಲ್ಲಾ ಸಿಗ್ತದವಾ,” ಎನ್ನುತ್ತಿದ್ದಳು ನನಗೆ, “ಆದ್ರ ಸೌಟು ನನ್ನ ಕೈಯಾಗ ಇರಂಗಿಲ್ಲ.”

ಇಷ್ಟೇ ಅವಳ ಜೀವನದ ಹಟ. ತನ್ನ ಒಲೆ, ತನ್ನ ಸೌಟು. ಅದಕ್ಕಾಗಿ ಅವಳು ಹಿಡಿದ ಕೆಲಸ ಶ್ರಾದ್ಧದ ಅಡಿಗೆ. ನಮ್ಮ ವೈಷ್ಣವರ ಮನೆಗಳಲ್ಲಿ ಹಿರಿಯರ ತಿಥಿ ಬಂದಾಗ ಮಡಿಯಲ್ಲಿ ಅಡಿಗೆ ಆಗಬೇಕು. ಬೆಳಗ್ಗೆ ತಲೆಯ ಮೇಲೆ ನೀರು ಸುರಿದುಕೊಂಡು, ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಒಣಗಿಸಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟುಕೊಳ್ಳಬೇಕು. ಕೆಲಸ ಮುಗಿಯುವ ತನಕ ಯಾರನ್ನೂ ಮುಟ್ಟುವಂತಿಲ್ಲ, ಬ್ರಾಹ್ಮಣರ ಊಟ ಆಗುವವರೆಗೆ ಒಂದು ಗುಟುಕು ನೀರು ಕುಡಿಯುವಂತಿಲ್ಲ. ನೌಕರಿ ಮಾಡುವ ಸೊಸೆಯಂದಿರಿಗೆ ಇದೆಲ್ಲ ಆಗದ ಮಾತು. ಹಾಗಾಗಿ ಪುರೋಹಿತರಾದ ನರಸಿಂಹಾಚಾರ್ಯರು ಯಾರದೇ ತಿಥಿ ಗೊತ್ತು ಮಾಡಲಿ, ಮೊದಲು ಕಳಿಸುತ್ತಿದ್ದ ಮಾತು ‘ಅನಸೂಯಾಬಾಯಿಗೆ ಹೇಳ್ರಿ’ ಎಂದೇ. ಭಾದ್ರಪದದ ಪಿತೃಪಕ್ಷ ಬಂತೆಂದರೆ ಅವಳಿಗೆ ಉಸಿರಾಡಲು ಪುರಸೊತ್ತಿರಲಿಲ್ಲ. ಆ ಪಕ್ಷದ ಗಳಿಕೆಯೇ ಅವಳ ಮನೆ ಬಾಡಿಗೆ.

ಇನ್ನೊಂದು ಮಾತು ಹೇಳಬೇಕು, ಮುಂದೆ ಬೇಕಾಗುತ್ತದೆ. ಶ್ರಾದ್ಧದ ಎಲೆಗೆ ನಮ್ಮಲ್ಲಿ ಒಣಮೆಣಸಿನಕಾಯಿ ಬರುವಂತಿಲ್ಲ. ಖಾರ ಬೇಕೆಂದರೆ ಕರಿಮೆಣಸು. ಮೆಣಸಿನಕಾಯಿ ಹೊರದೇಶದಿಂದ ಬಂದದ್ದು, ಪಿತೃಗಳಿಗೆ ಅದರ ಗುರುತೇ ಇಲ್ಲ ಎಂದು ಆಚಾರ್ಯರ ವಿವರಣೆ. ಆದರೆ ನಮ್ಮ ಆತ್ಯಾಗೆ ಮೆಣಸಿನಕಾಯಿಯ ಗುರುತು ಚೆನ್ನಾಗಿಯೇ ಇತ್ತು. ಸತ್ತವರಿಗೆಲ್ಲ ಸಪ್ಪನೆ ಬಡಿಸಿ ಮನೆಗೆ ಬಂದು, ಹಣ್ಣುಮೆಣಸಿನಕಾಯಿ ಅರೆದ ಕೆಂಪು ಖಾರವನ್ನು ಎಣ್ಣೆಯಲ್ಲಿ ಕಲಸಿ ಜೋಳದ ರೊಟ್ಟಿಗೆ ಹಚ್ಚಿಕೊಂಡು, ಮೂಗು ಕಣ್ಣು ಸೋರಿಸುತ್ತಾ ಉಣ್ಣುತ್ತಿದ್ದಳು. ಉಂಡಾದ ಮೇಲೆ ಗೋಡೆಗೆ ಒರಗಿ ‘ಹಾಂ, ಈಗ ಜೀವ ಬಂತು’ ಎಂದು ಕಣ್ಣು ಮುಚ್ಚುತ್ತಿದ್ದಳು. ನಾನು ಕಾಲೇಜು ಓದುವಾಗ ಅವಳ ಜೊತೆಗೇ ಇದ್ದೆ, ಆ ಸುಖವನ್ನು ಕಣ್ಣಾರೆ ಕಂಡಿದ್ದೇನೆ.

ತೊಂಬತ್ತಾರರ ಸಂಕ್ರಾಂತಿ ಮುಗಿದ ಮೇಲೆ ಅವಳ ಎಡಪಕ್ಕೆಯಲ್ಲಿ ಗುಳ್ಳೆಗಳೆದ್ದವು. ಬೆನ್ನಿನಿಂದ ಶುರುವಾಗಿ ಎದೆಯ ಕೆಳಗಿನ ತನಕ ಪಟ್ಟಿ ಕಟ್ಟಿದ ಹಾಗೆ. ಸರ್ಪಸುತ್ತು. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೇ ಕುತ್ತು ಎಂದು ಓಣಿಯ ಹೆಂಗಸರೆಲ್ಲ ಬಂದು ಹೆದರಿಸಿದರು. ಕೆಮ್ಮಣ್ಣು ಕಲಸಿ ಗುಳ್ಳೆಗಳ ಸುತ್ತ ಬರೆದರು, ನಾಗಪ್ಪನಿಗೆ ಹಾಲೆರೆದರು. ಗುಳ್ಳೆ ಬಾಡಿದವು, ಹಕ್ಕಳೆ ಉದುರಿದವು. ಹಾವೇನೋ ಹೋಯಿತು, ಉರಿ ಮಾತ್ರ ಅಲ್ಲೇ ಉಳಿಯಿತು.

ಅದು ಎಂಥ ಉರಿ ಎಂದರೆ, ಅರಿವೆ ತಾಗಿದರೆ ಸಾಕು. ಒತ್ತಿ ಹಿಡಿದರೆ ಅಷ್ಟಿಲ್ಲ, ಮೆಲ್ಲಗೆ ಸೆರಗು ಸವರಿದರೆ ‘ಹಾ’ ಎಂದು ಮೇಲೆ ಹಾರುತ್ತಿದ್ದಳು. ಪಂಖದ ಗಾಳಿ ಬಂದರೂ ಆಗದು. ಎರಡು ಬೆರಳಲ್ಲಿ ಸೀರೆಯನ್ನು ಪಕ್ಕೆಯಿಂದ ದೂರ ಹಿಡಿದುಕೊಂಡು ಪಡಸಾಲೆಯಲ್ಲಿ ತಿರುಗಾಡುತ್ತಿದ್ದಳು. ನೋಡಲು ಹೋದರೆ ಅಲ್ಲಿ ಏನೂ ಇಲ್ಲ, ತುಸು ಕಪ್ಪಾದ ಚರ್ಮ, ಅಷ್ಟೇ. ಜನಕ್ಕೆ ಕಾಣದ ನೋವಿನ ಮೇಲೆ ಎಷ್ಟು ದಿನ ಕರುಣೆ ಇರುತ್ತದೆ, ಹೇಳಿ.

ಅದರಲ್ಲೂ ಒಂದು ವಿಚಿತ್ರವಿತ್ತು. ಶ್ರಾದ್ಧದ ಮನೆಗೆ ಹೋಗಿ ಒಲೆಯ ಮುಂದೆ ನಿಂತಳೆಂದರೆ ಅವಳು ಹಳೆಯ ಅನಸೂಯಾಬಾಯಿಯೇ. ವಡೆ ತಟ್ಟುತ್ತಾ, ಪಾಯಸ ತಿರುವುತ್ತಾ, ಎಳ್ಳು ಹುರಿಯುತ್ತಾ ಮಧ್ಯಾಹ್ನದ ತನಕ ಸೆರಗಿನ ನೆನಪೇ ಇಲ್ಲ. ಮನೆಗೆ ಬಂದು ಕೂತ ಕೂಡಲೇ ಶುರು. ಇದನ್ನು ಕಂಡವರು ಸುಮ್ಮನಿರುತ್ತಾರೆಯೇ? ನರಸಿಂಹಾಚಾರ್ಯರ ಹೆಂಡತಿ ಪಾರ್ವತೀಬಾಯಿ ಓಣಿಗೆಲ್ಲ ಕೇಳುವಂತೆ ಅಂದೇಬಿಟ್ಟಳು: “ಮಂದಿ ಮನ್ಯಾಗ ನೆಟ್ಟಗ, ತನ್ನ ಮನ್ಯಾಗ ಸೊಟ್ಟಗ! ಇದೇನು ಬ್ಯಾನಿ ಅನ್ನಬೇಕೋ, ನಾಟಕ ಅನ್ನಬೇಕೋ?”

ನನಗೆ ಮೈ ಉರಿದುಹೋಯಿತು. ಹೋಗಿ ನಾಲ್ಕು ಮಾತು ಕೊಟ್ಟು ಬರುತ್ತೇನೆಂದು ಚಪ್ಪಲಿ ಮೆಟ್ಟಿದೆ. ಆತ್ಯಾ ತಡೆದಳು. “ಬ್ಯಾಡ ವಾರಿಜಾ. ನನಗೂ ಹಂಗ ಅನಸ್ತದ. ನಾನೇ ಸುಳ್ಳು ಮಾಡ್ಲಿಕ್ಕತ್ತೀನೇನೋ.”

ಅವತ್ತೇ ಅವಳನ್ನು ಡಾಕ್ಟರ್ ಫಕ್ರುದ್ದೀನರ ದವಾಖಾನೆಗೆ ಎಳೆದುಕೊಂಡು ಹೋದೆ. ಚರ್ಮರೋಗದ ಡಾಕ್ಟರು, ವಯಸ್ಸಾದವರು. ಪೇಷಂಟ್ ಹೇಳುವುದನ್ನು ಪೂರ್ತಿ ಕೇಳುವ ರೂಢಿ ಇಟ್ಟುಕೊಂಡಿದ್ದರಿಂದ ಅವರ ಹೊರಗಿನ ಬೆಂಚು ಯಾವಾಗಲೂ ತುಂಬಿರುತ್ತಿತ್ತು. ಒಂದು ಚೂರು ಹತ್ತಿ ತೆಗೆದುಕೊಂಡು ಅವಳ ಪಕ್ಕೆಗೆ ಮೆಲ್ಲಗೆ ಸವರಿದರು. ಅವಳು ಚೀರಿದಳು. ಅವರು ಹತ್ತಿ ಬಿಸಾಕಿ ಕೂತರು.

“ನೋಡ್ರಿ ಅಮ್ಮಾ, ಸರ್ಪಸುತ್ತು ಹೋಗ್ಯದ. ಹೋಗುವಾಗ ನರಾ ಕೆಡಿಸಿ ಹೋಗ್ಯದ. ನರದ ತುದಿಯೊಳಗ ಒಂದು ಪದಾರ್ಥ ಇರ್ತದ, ಸಬ್‌ಸ್ಟೆನ್ಸ್ ಪಿ ಅಂತ. ನೋವಿನ ಖಬರ್ ಒಯ್ಯೋದೇ ಅದರ ಕೆಲಸ. ಬೆಂಕಿ ತಾಗಿದ್ರ ಖಬರ್ ಒಯ್ಯಬೇಕು, ಬರೋಬರ್. ಆದ್ರ ಕೆಟ್ಟ ನರಾ ಸೆರಗು ತಾಗಿದ್ರೂ ಬೆಂಕಿ ಬಿತ್ತು, ಬೆಂಕಿ ಬಿತ್ತು ಅಂತ ಖಬರ್ ಕಳಿಸ್ಕೋತ ಕೂಡ್ತದ.”

“ಮತ್ತ ಒಲಿ ಮುಂದ ನಿಂತಾಗ ಯಾಕ ಇರಂಗಿಲ್ಲ, ಡಾಕ್ಟರ್?” ಎಂದು ನಾನು ಕೇಳಿದೆ. ಪಾರ್ವತೀಬಾಯಿ ತಲೆಯಲ್ಲಿ ಕೂತಿದ್ದಳು.

ಡಾಕ್ಟರು ನಕ್ಕರು. “ಅಲ್ಲಾ ಮೈಯೊಳಗ ಅಫೀಮನ್ನೂ ಇಟ್ಟಾನ, ಬೇಟಾ. ಖರೇನ ಹೇಳ್ತೀನಿ. ಎಂಡಾರ್ಫಿನ್, ಎನ್‌ಕೆಫಲಿನ್ ಅಂತ ಹೆಸರು. ಮನುಷ್ಯಾ ಮನಸ್ಸಿಟ್ಟು ಕೈ ಆಡಿಸ್ಕೋತ ಕೆಲಸದಾಗ ಮುಳುಗಿದಾಗ ಅವು ಬರ್ತಾವ. ಬೆನ್ನುಹುರಿಯ ಬಾಗಿಲದಾಗ ನಿಂತು, ಖಬರ್ ತಂದವನನ್ನ ಹೊರಗ ನಿಲ್ಲಸ್ತಾವ. ಕೆಲಸಾ ಮುಗೀತು, ಕೂತ್ರಿ, ಕಾವಲಿನವರು ಮನಿಗೆ ಹೋದ್ರು. ಖಬರ್ ಒಳಗ ಬಂತು.”

ಆತ್ಯಾ ಅವರ ಮುಖವನ್ನೇ ನೋಡಿದಳು. “ಅಂದ್ರ ನಾ ಸುಳ್ಳು ಹೇಳ್ಲಿಕ್ಕತ್ತಿಲ್ಲ?”

“ಸುಳ್ಳ? ಹಂಗಂತ ಯಾರಂದ್ರು?”

ಅವಳು ಅತ್ತುಬಿಟ್ಟಳು. ಗುಳ್ಳೆ ಎದ್ದಾಗ ಅಳಲಿಲ್ಲ, ಹಾವಿನ ತಲೆ ಬಾಲದ ಮಾತಾಡಿದಾಗ ಅಳಲಿಲ್ಲ. ನೋವು ನಿಜ ಎಂದು ಒಬ್ಬರು ಅಂದರೆಂದು ಅತ್ತಳು.

ಡಾಕ್ಟರು ಒಂದು ಮುಲಾಮು ಬರೆದುಕೊಟ್ಟರು. ಆಗ ಅದು ಹೊಸದು, ಸೂಪರ್ ಮಾರ್ಕೆಟ್ ಬಡಾವಣೆಯ ಔಷಧದಂಗಡಿಯಲ್ಲಿ ಹೇಳಿ ತರಿಸಬೇಕಾಯಿತು. ಅದರೊಳಗೆ ಮೆಣಸಿನಕಾಯಿಯ ಸತ್ವ ಇದೆ ಎಂದಾಗ ಆತ್ಯಾ ನನ್ನ ಕಡೆ ತಿರುಗಿ, ಈ ಮನುಷ್ಯನಿಗೆ ಏನಾದರೂ ಆಗಿದೆಯೇ ಎನ್ನುವಂತೆ ನೋಡಿದಳು.

“ಉರಿಗೆ ಮೆಣಸಿನಕಾಯಿ ಹಚ್ಚೋದೇನ್ರಿ?”

“ಹೌದು. ಮೊದಲ ಉರಿ ಹೆಚ್ಚಾಗ್ತದ, ಸುಳ್ಳು ಹೇಳಂಗಿಲ್ಲ. ಮೆಣಸಿನಕಾಯಿ ನರದಾಗಿನ ಆ ಪದಾರ್ಥ ಎಲ್ಲಾ ಹೊರಗ ಚೆಲ್ಲಸ್ತದ. ದಿನಾ ಹಚ್ಚಿಕೋತ ಹೋದ್ರ ಕೊಡಾ ಖಾಲಿ. ಖಾಲಿ ಕೊಡದಿಂದ ಏನ ಖಬರ್ ಹೋಗ್ತದ? ಆದ್ರ ದಿನಕ್ಕ ನಾಕ ಸಲ ಹಚ್ಚಬೇಕು. ನಡುವ ಬಿಟ್ರಿ ಅಂದ್ರ ಕೊಡಾ ಮತ್ತ ತುಂಬ್ತದ, ಮತ್ತ ಮೊದಲಿನಿಂದ ಉರಿ.”

ಮುಂದೆ ಓದಿದಾಗ ತಿಳಿಯಿತು, ವಿಷಯ ಅಷ್ಟು ಸರಳವಲ್ಲವಂತೆ. ಬರೀ ಕೊಡ ಖಾಲಿಯಾಗುವುದಲ್ಲ, ನರದ ತುದಿಯೇ ಕೆಲ ಕಾಲ ಮಂಕಾಗುತ್ತದೆ ಎಂದು ಈಚಿನವರು ಹೇಳುತ್ತಾರೆ. ಇರಲಿ. ಆ ದಿನ ನಮಗೆ ಬೇಕಾದಷ್ಟನ್ನು ಡಾಕ್ಟರು ಹೇಳಿದ್ದರು.

ಹಚ್ಚಿದ ಮೊದಲ ದಿನ ಆತ್ಯಾ ತುಟಿ ಕಚ್ಚಿ ಕೂತಳು. ಎರಡನೆಯ ದಿನವೂ ಹಾಗೇ. ಆಮೇಲೆ ಗೊತ್ತಾದ ಒಂದು ತಿಥಿ ಬಂತು, ಮುಲಾಮು ನಿಂತಿತು. “ಯಾಕ?” ಎಂದೆ. “ಎಲಿಗೆ ಬಾರದ ಪದಾರ್ಥ ಮೈಗೆ ಮೆತ್ತಿಕೊಂಡು ಪಿತೃಕಾರ್ಯದ ಅಡಿಗಿ ಮಾಡಲೇನು?” ಎಂದಳು. ತಿಥಿಯ ಹಿಂದಿನ ದಿನದಿಂದಲೇ ಬಿಟ್ಟಿದ್ದಳು. ಸಾಲದ್ದಕ್ಕೆ ಮಡಿಸ್ನಾನಕ್ಕೆ ಸುಡುಸುಡು ನೀರು ಹಾಕಿಕೊಂಡು ಪಕ್ಕೆಯನ್ನು ಸೀಗೆಪುಡಿಯಿಂದ ತಿಕ್ಕಿದ್ದಳು. ಉಳಿದಿದ್ದ ಮುಲಾಮು ಬಿಸಿನೀರಿಗೆ ಕೆರಳಿ ಅವಳು ಬಚ್ಚಲಲ್ಲೇ ಕುಸಿದು ಕೂತಳು. ಮಡಿಯೆಂದು ನಾನು ಮುಟ್ಟುವಂತಿಲ್ಲ. ಬಾಗಿಲಾಚೆ ನಿಂತು ಬೈದೆ. ಅವಳು ಒಳಗಿನಿಂದಲೇ “ಬೈ, ಬೈ, ಆದ್ರ ಒಳಗ ಬರಬ್ಯಾಡ” ಎಂದಳು.

ಹೀಗೇ ನಡೆಯಿತು. ಏಕಾದಶಿ ಬಂದರೆ ಇಲ್ಲ, ತಿಥಿ ಬಂದರೆ ಇಲ್ಲ, ಮಠದಲ್ಲಿ ಆರಾಧನೆಯ ಅಡಿಗೆಗೆ ಕರೆದರೆ ಇಲ್ಲ. ಕೊಡ ಅರ್ಧ ಖಾಲಿಯಾಗುವಷ್ಟರಲ್ಲಿ ಮತ್ತೆ ತುಂಬುತ್ತಿತ್ತು. ಪ್ರತಿ ಸಲವೂ ಹೊಸ ಉರಿ, ಗುಣ ಮಾತ್ರ ಇಲ್ಲ. ಜ್ಯೇಷ್ಠದ ಹೊತ್ತಿಗೆ ಅವಳು ಸೊರಗಿ ಕಡ್ಡಿಯಾಗಿದ್ದಳು. ಒಂದು ಮನೆಯಲ್ಲಿ ಅಡಿಗೆ ಮುಗಿಸಿ ಬರುವಾಗ ಓಣಿಯಲ್ಲೇ ತಲೆ ತಿರುಗಿ ಕೂತಳು. ನರಸಿಂಹಾಚಾರ್ಯರು ಮರುದಿನ ಬಂದು, ಕೆಟ್ಟ ಮಾತೇನೂ ಆಡದೆ, “ಪಿತೃಪಕ್ಷದ ಹೊತ್ತಿಗೆ ಆರಾಮಾಗ್ತದಲ್ಲಾ? ಇಲ್ಲಂದ್ರ ಈಗ ಹೇಳ್ರಿ, ಬ್ಯಾರೆ ವ್ಯವಸ್ಥಾ ನೋಡಬೇಕಾಗ್ತದ” ಎಂದು ಹೋದರು.

ಆ ಮಾತು ಅವಳಿಗೆ ಸರ್ಪಸುತ್ತಿಗಿಂತ ಜೋರಾಗಿ ಸುತ್ತಿಕೊಂಡಿತು. ಪಿತೃಪಕ್ಷ ತಪ್ಪಿದರೆ ಮನೆ ತಪ್ಪಿತು. ಮನೆ ತಪ್ಪಿದರೆ ಅಣ್ಣನ ಮನೆ.

ಡಾಕ್ಟರ್ ಫಕ್ರುದ್ದೀನರು ಎಲ್ಲ ಕೇಳಿ ಹಣೆ ಹಿಡಿದುಕೊಂಡರು. “ಅಮ್ಮಾ, ಎರಡು ತಿಂಗಳು ಕೆಲಸಾ ಬಿಡ್ರಿ, ಬಿಡದ ಹಚ್ಚಿಕೊಳ್ರಿ.”

“ಕೆಲಸಾ ಬಿಟ್ರ ನೋವು ಹೆಂಗ ತಡಕೊಳ್ಳಿ? ನೀವೇ ಅಂದ್ರಿ, ಕೆಲಸದಾಗ ಇದ್ದಾಗ ಕಾವಲಿನವರು ಇರ್ತಾರ ಅಂತ.”

ಮಡಿಯಲ್ಲಿ ಕೆಲಸ ಮಾಡಿದರೆ ಮೈಯ ಅಫೀಮು ಸಿಗುತ್ತದೆ, ಮುಲಾಮು ಸಿಗುವುದಿಲ್ಲ. ಮುಲಾಮು ಹಚ್ಚಿ ಕೂತರೆ ಅಫೀಮು ಸಿಗುವುದಿಲ್ಲ, ಉರಿ ಸಿಗುತ್ತದೆ. ಎಂಥ ಸಿಕ್ಕು ನೋಡಿ. ಕೊನೆಗೆ ನಾನೇ ಹಟ ಹಿಡಿದು, ಅವಳ ಬಟ್ಟೆಗಂಟು ಕಟ್ಟಿ, ಕಮಲಾಪುರದ ಬಸ್ಸು ಹತ್ತಿಸಿದೆ. ಬಾಗಿಲಿಗೆ ಕೀಲಿ ಹಾಕುವಾಗ ಸೌಟನ್ನು ತೆಗೆದು ಗಂಟಿನಲ್ಲಿಟ್ಟುಕೊಂಡಳು. ನಾನು ಕಂಡೂ ಕಾಣದವಳಂತೆ ಇದ್ದೆ.

ಕಮಲಾಪುರದಲ್ಲಿ ನಮ್ಮ ಅವ್ವ ತುಂಗಾಬಾಯಿ ನಾದಿನಿಯನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಬೆನ್ನಿಗೆ ಮುಲಾಮು ಹಚ್ಚುತ್ತಿದ್ದಳು, ಕೂತಲ್ಲಿಗೆ ಎಲೆ, ಕೂತಲ್ಲಿಗೆ ಚಹಾ. ಅಡಿಗೆಮನೆಯ ಕಡೆ ಆತ್ಯಾ ಎದ್ದರೆ “ನೀವು ಕೂಡ್ರಿ, ನಾ ಮಾಡ್ತೇನಿ” ಎನ್ನುತ್ತಿದ್ದಳು. ಪ್ರೀತಿಯಿಂದಲೇ. ಆ ಪ್ರೀತಿಯಲ್ಲಿ ಆತ್ಯಾ ಬೇಯುತ್ತಿದ್ದಳು. ಮಾಡಲು ಕೆಲಸವಿಲ್ಲ, ಮೈಗೆ ಮೆಣಸಿನಕಾಯಿ. ಹಿತ್ತಲಲ್ಲಿ ಸೆರಗನ್ನು ದೂರ ಹಿಡಿದುಕೊಂಡು ಗೋಡೆಯಿಂದ ಗೋಡೆಗೆ ತಿರುಗುತ್ತಿದ್ದಳು. “ಆಷಾಢ ಮುಗಿದ ಕೂಡಲೇ ಹೋಗಿಬಿಡ್ತೇನಿ, ಸತ್ತರೂ ಚಿಂತಿಲ್ಲ” ಎಂದು ನನಗೆ ಹೇಳಿ ಕಳಿಸಿದಳು.

ನಮ್ಮ ಹಿತ್ತಲ ಗೋಡೆಯಾಚೆ ಶಿವಕಾಂತಮ್ಮನ ಮನೆ. ಗಂಡ ದತ್ತಪ್ಪ ಕೆಂಪು ಬಾಳೆಯ ತೋಟಗಳಲ್ಲಿ ಗೊನೆ ಕಡಿಯುವ ಕೆಲಸಕ್ಕೆ ಹೋಗುತ್ತಿದ್ದ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ನಮ್ಮವರು ಆ ಮನೆಯ ನೀರು ಮುಟ್ಟುತ್ತಿರಲಿಲ್ಲ. ಶಿವಕಾಂತಮ್ಮ ಬಸ್ ನಿಲ್ದಾಣದ ಖಾನಾವಳಿಗೂ ಸಂತೆಯವರಿಗೂ ರೊಟ್ಟಿ ಬಡಿದುಕೊಡುತ್ತಿದ್ದಳು. ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಅವಳ ಹಿತ್ತಲ ಚಪ್ಪರದಿಂದ ಪಟಪಟ ಸದ್ದು. ಕೆಲಸಕ್ಕೆ ಕೂಡುತ್ತಿದ್ದ ಅವಳ ನಾದಿನಿ ಹೆರಿಗೆಗೆ ಹೋಗಿದ್ದಳು. ಒಬ್ಬಳೇ ಸುಧಾರಿಸುತ್ತಿದ್ದಳು.

ನಮ್ಮ ಆತ್ಯಾಗೆ ಒಂದು ಚಾಳಿ. ಬೇರೆಯವರ ಅಡಿಗೆಯಲ್ಲಿ ತಪ್ಪು ಕಂಡರೆ ಬಾಯಿ ಮುಚ್ಚಿ ಇರಲಾಗದು. ಒಂದು ದಿನ ಗೋಡೆಯ ಮೇಲಿಂದ ಕೂಗಿದಳು: “ಯವ್ವಾ, ಹಿಟ್ಟು ಸಾಲದ ನಾದಿದ್ದು! ಅಂಚು ಸೀಳಲಿಕ್ಕತ್ಯಾವ, ಇಲ್ಲಿಗೆ ಕಾಣಸ್ತದ.”

ಶಿವಕಾಂತಮ್ಮ ತಲೆ ಎತ್ತಲಿಲ್ಲ. “ಎರಡು ಕೈಲೆ ಇಷ್ಟೇ ಆಗ್ತದ್ರೀ ಬಾಯಿಯವರ. ಇನ್ನೆರಡು ಕೈ ಇದ್ರ ಈ ಕಡಿ ಕಳಸ್ರಿ.”

ಚೇಷ್ಟೆಯ ಮಾತು. ಆದರೆ ಆತ್ಯಾ ಅವತ್ತು ಹಿತ್ತಲ ಬಾಗಿಲು ದಾಟಿ, ತನ್ನ ತಂಬಿಗೆಯಲ್ಲಿ ತನ್ನ ನೀರು ತೆಗೆದುಕೊಂಡು, ಹೋಗಿಯೇ ಬಿಟ್ಟಳು. ಅವ್ವ ಗಾಬರಿಯಾಗಿ ಹಿಂದೆ ಓಡಿದಳು. “ಅನಸಕ್ಕಾ, ಮಂದಿ ಏನಂತಾರ?”

“ನನ್ನ ಪಕ್ಕ್ಯಾಗ ಮಂದಿ ಇಲ್ಲ ವೈನಿ, ಬೆಂಕಿ ಅದ,” ಎಂದಳು ಆತ್ಯಾ. “ಈಗ ನಾ ಹೆಂಗೂ ಮೈಲಿಗಿ. ಮೆಣಸಿನಕಾಯಿ ಮೆತ್ತಿಕೊಂಡು ಕೂತೀನಿ. ಮೈಲಿಗಿಯವಳು ಎಲ್ಲಿ ಕೂತ್ರೇನು?”

ಮೊದಲು ಹಿಟ್ಟು ನಾದಿದಳು. ಆಮೇಲೆ ಹಲಗೆ ಎಳೆದುಕೊಂಡು ಬಡಿಯಲು ಕೂತಳು. ಶ್ರಾದ್ಧದ ವಡೆ ತಟ್ಟಿದ ಕೈ, ರೊಟ್ಟಿ ತಿರುಗುತ್ತಾ ತಿರುಗುತ್ತಾ ತಟ್ಟೆಯಗಲ ಆಗುತ್ತಿತ್ತು. ಒಬ್ಬರದು ಬಲಗೈ ಏಳುವಾಗ ಇನ್ನೊಬ್ಬರದು ಬೀಳುವುದು. ಹೊತ್ತು ನೆತ್ತಿಗೆ ಬಂದು ಶಿವಕಾಂತಮ್ಮ “ಸಾಕ್ರೀ, ಬುಟ್ಟಿ ತುಂಬ್ಯಾವ” ಎಂದಾಗ ಆತ್ಯಾ ಬೆಚ್ಚಿಬಿದ್ದವಳಂತೆ ಸುತ್ತ ನೋಡಿದಳು. ಸೆರಗು ಪಕ್ಕೆಗೆ ಅಂಟಿಕೊಂಡೇ ಇತ್ತು. ಅವಳಿಗೆ ಅದರ ನೆನಪಿರಲಿಲ್ಲ.

ನಾನು ಮುಂದಿನ ರಜೆಗೆ ಊರಿಗೆ ಹೋದಾಗ ಆತ್ಯಾ ಚಪ್ಪರದಲ್ಲಿದ್ದಳು. ಮಧ್ಯಾಹ್ನದ ಮುಲಾಮಿನ ಹೊತ್ತು. ಶಿವಕಾಂತಮ್ಮ ಕೈ ತೊಳೆದು, ಸೆರಗು ಮರೆ ಮಾಡಿ, ಅವಳ ಬೆನ್ನಿಗೆ ಹಚ್ಚುತ್ತಿದ್ದಳು. “ಈ ಮುಲಾಮಿನ ನಳಿಗಿ ಯಾಕ ತರಸ್ತೀರಿ? ನನ್ನ ಗಡಿಗ್ಯಾಗ ಖಾರ ಅದ, ಅದನ್ನೇ ಸವರ್ತೀನಿ, ಒಮ್ಮಿಗೇ ಆರಾಮಾಗ್ತೀರಿ.”

“ಮೊದಲ ನೀ ಸವರಿಕೊಂಡು ನೋಡು, ನಾಳಿ ನಿನ್ನ ಗಂಡ ನನ್ನ ಮ್ಯಾಲ ಬಡಿಗಿ ತಗೊಂಡು ಬರ್ತಾನ,” ಎಂದಳು ಆತ್ಯಾ. ಇಬ್ಬರೂ ನಕ್ಕರು. ಆತ್ಯಾ ನಗುವುದನ್ನು ನಾನು ಸಂಕ್ರಾಂತಿಯಿಂದೀಚೆ ನೋಡಿರಲಿಲ್ಲ. ನಗುವಾಗ ಪಕ್ಕೆ ಅಲುಗುತ್ತದೆ, ಅಲುಗಿದರೆ ಉರಿ. ಅದಕ್ಕೇ ನಗುತ್ತಿರಲಿಲ್ಲ.

ಯಾರೂ ಬರೆದುಕೊಡದ ಔಷಧ ಅಲ್ಲಿ ಸಿಕ್ಕಿತ್ತು. ಮೈಲಿಗೆಯಲ್ಲಿ ಮಾಡಬಹುದಾದ ಕೆಲಸ. ಮುಲಾಮು ತಪ್ಪಲಿಲ್ಲ, ಕೈಯೂ ನಿಲ್ಲಲಿಲ್ಲ. ಶ್ರಾವಣ ಬರುವಷ್ಟರಲ್ಲಿ ಉರಿ ಅರ್ಧಕ್ಕಿಳಿಯಿತು. ಗಣಪತಿ ಹಬ್ಬಕ್ಕೆ ನಾನು ಹೋದಾಗ ಎರಡು ಬೆರಳಲ್ಲಿ ಸೀರೆ ಹಿಡಿಯುವುದನ್ನೇ ಮರೆತಿದ್ದಳು. ತನ್ನ ತಂಬಿಗೆ ಒಯ್ಯುವುದನ್ನೂ ಮರೆತಿದ್ದಳು, ಯಾವಾಗಿನಿಂದ ಎಂದು ನನಗೆ ಗೊತ್ತಿಲ್ಲ.

ಅದೇ ಹಬ್ಬ ಮುಗಿದ ಮೇಲೆ ನರಸಿಂಹಾಚಾರ್ಯರು ಬಂದರು. ಪಿತೃಪಕ್ಷ ಕಣ್ಣೆದುರಿಗಿತ್ತು. ಬಸ್ಸಿನಿಂದ ಇಳಿದವರು ನಮ್ಮ ಮನೆಗೆ ಬಂದು, ಆತ್ಯಾ ಎಲ್ಲಿ ಎಂದರು. ಅವ್ವ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು. ನಾನು “ಬರ್ರಿ” ಎಂದು ಹಿತ್ತಲಿಗೇ ಕರೆದುಕೊಂಡು ಹೋದೆ. ಮುಚ್ಚಿಡುವ ಕೆಲಸ ನನ್ನಿಂದಾಗದು.

ಅವರು ಗೋಡೆಯ ಈಚೆ ನಿಂತು ನೋಡಿದರು. ಆತ್ಯಾ ಹಿಟ್ಟಿನ ಕೈ ಒರೆಸಿಕೊಂಡು ಎದ್ದು ಬಂದಳು.

ಆಚಾರ್ಯರು ಸಿಡುಕಲಿಲ್ಲ. ನಿಜ ಹೇಳಬೇಕೆಂದರೆ, ಅವರು ಕೆಟ್ಟವರಲ್ಲ. “ಅನಸೂಯಾಬಾಯಿ, ನಾ ಏನೂ ನೋಡಿಲ್ಲ. ಪಂಚಗವ್ಯ ತಗೊಂಡು, ಒಂದು ಪ್ರಾಯಶ್ಚಿತ್ತ ಮಾಡಿಸಿಬಿಡೋಣ. ಎಲ್ಲಾರೂ ನಿಮ್ಮ ಕೈಯಡಿಗಿನೇ ಕೇಳ್ತಾರ. ಆ ಮುಲಾಮೊಂದು ಪಕ್ಷ ಮುಗಿಯೋ ತನಕ ಬಿಡ್ರಿ. ಹದಿನೈದು ದಿನದ ಮಾತು.”

“ಬಿಟ್ರ ಕೊಡಾ ಮತ್ತ ತುಂಬ್ತದ, ಆಚಾರ್ರ.”

“ಏನು?”

“ಏನಿಲ್ಲ.”

ಅವರು ಮೆತ್ತಗೆ ಅಂದರು, ಮೆತ್ತಗೆ ಅಂದದ್ದಕ್ಕೇ ಅದು ಒಳಗೆ ಇಳಿಯಿತು: “ಷಷ್ಠಿ ದಿನ ನಿಮ್ಮ ಯಜಮಾನರದೂ ಇರ್ತದ. ಮೈದುನ ಜಯತೀರ್ಥನ ಮನ್ಯಾಗ. ಅವತ್ತರೆ ನಿಮ್ಮ ಕೈಯದು ಬ್ಯಾಡೇನು?”

ಗಂಡನ ಪಕ್ಷದ ಅಡಿಗೆಯನ್ನು ಅವಳು ಒಂದು ವರ್ಷವೂ ಬೇರೆಯವರಿಗೆ ಬಿಟ್ಟಿರಲಿಲ್ಲ. ಜ್ವರ ಬಂದಾಗಲೂ ಬಿಟ್ಟಿರಲಿಲ್ಲ. ಅವನಿಗೆ ಗಟ್ಟಿ ಪಾಯಸ ಸೇರುತ್ತಿತ್ತೆಂದು ಒಂದು ಗಂಟೆ ಹೆಚ್ಚು ಕುದಿಸುತ್ತಿದ್ದಳು. ಅವಳ ಕಣ್ಣು ತುಂಬಿದವು. ಗೋಡೆಯಾಚೆ ಶಿವಕಾಂತಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಆತ್ಯಾ ಆಚಾರ್ಯರ ಜೊತೆ ಹೋಗಿಬಿಡುತ್ತಾಳೆ ಎಂದೇ ನನಗೆ ಅನಿಸಿತು.

“ಆಚಾರ್ರ,” ಎಂದಳು ಆತ್ಯಾ, “ಹೋದವರಿಗೆಲ್ಲಾ ಇಷ್ಟ ವರ್ಷ ಉಣಿಸಿದೆ. ಯಾರಿಗೂ ಕಡಿಮಿ ಮಾಡ್ಲಿಲ್ಲ. ಈ ಸಲ ಇದ್ದವರನ್ನ ನೋಡ್ಕೋತೇನಿ.”

“ಇದ್ದವರು ಅಂದ್ರ ಯಾರು?”

“ನಾ ಇದ್ದೀನಲ್ಲ, ಆಚಾರ್ರ.”

ಆಚಾರ್ಯರು ಬಾಗಿಲ ಕಡೆ ತಿರುಗಿದರು. ಅಪ್ಪ ಅವರಿಗೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟು ಬಸ್ಸಿನ ತನಕ ಕಳಿಸಿ ಬಂದರು.

ಷಷ್ಠಿಯ ದಿನ ಆತ್ಯಾ ಚಪ್ಪರಕ್ಕೆ ಹೋದಳು, ಆದರೆ ಕೈ ಓಡಲಿಲ್ಲ. ಅತ್ತ ಕಲಬುರಗಿಯಲ್ಲಿ ಯಾರದೋ ಕೈಯ ಪಾಯಸ ಕುದಿಯುತ್ತಿರುವ ಹೊತ್ತು. ಕಡಿಮೆಯಾಗಿದ್ದ ಉರಿ ಅವತ್ತು ಮುಲಾಮಿಗೂ ಕೇಳದೆ ಎದ್ದು ಕೂತಿತಂತೆ. ಕಾವಲಿನವರು ದುಃಖದ ದಿನ ಕೆಲಸಕ್ಕೆ ಬರುವುದಿಲ್ಲವೇನೋ. ಶಿವಕಾಂತಮ್ಮ ಹಿಟ್ಟಿನ ಉಂಡೆಯೊಂದನ್ನು ಅವಳ ಹಲಗೆಯ ಮೇಲಿಟ್ಟು, ತಾನು ಬಡಿಯಲು ಶುರು ಮಾಡಿದಳಂತೆ. ಬಹಳ ಹೊತ್ತಿನ ಮೇಲೆ ಆತ್ಯಾಳ ಕೈಯೂ ಎದ್ದಿತು. ಇದನ್ನು ಆತ್ಯಾಳೇ ನನಗೆ ಹೇಳಿದ್ದು, ಒಂದೇ ಸಲ.

ದೀಪಾವಳಿಯ ನಂತರ ಅವಳು, ರೊಟ್ಟಿಯ ಪಾಲಿನ ದುಡ್ಡಿನಿಂದ ಬಾಕಿ ಬಾಡಿಗೆ ಕಟ್ಟಿ, ಶಹಾಬಜಾರಕ್ಕೆ ಮರಳಿದಳು. ಸುದ್ದಿ ಅವಳಿಗಿಂತ ಮೊದಲೇ ಬಸ್ಸು ಹತ್ತಿ ಬಂದಿತ್ತು, ಪಾರ್ವತೀಬಾಯಿ ಇರುವ ಓಣಿಯಲ್ಲಿ ಅದೇನು ಹೊಸದಲ್ಲ. ಶ್ರಾದ್ಧದ ಕರೆ ಒಂದೂ ಬರಲಿಲ್ಲ. ಮೊದಲ ತಿಂಗಳು ನನಗೆ ಭಯವಾಯಿತು. ಅವಳು ಪಡಸಾಲೆಯಲ್ಲಿ ಹಲಗೆ ಹಾಕಿಕೊಂಡು ಕೂತು ರೊಟ್ಟಿ ಬಡಿಯಲು ಶುರು ಮಾಡಿದಳು. ಒಂಟಿಯಾಗಿ ಕೋಣೆ ಮಾಡಿಕೊಂಡಿದ್ದ ನೌಕರರು, ಕೋರ್ಟಿನ ವಕೀಲರು, ಡಾಕ್ಟರ್ ಫಕ್ರುದ್ದೀನರ ಮನೆಯವರು. ಆಮೇಲೆ ನಿಧಾನವಾಗಿ, ಮಾತೇ ಬಿಟ್ಟಿದ್ದ ಓಣಿಯ ಸೊಸೆಯಂದಿರೂ ಸಂಜೆ ಸೆರಗಿನಲ್ಲಿ ಮುಚ್ಚಿಕೊಂಡು ರೊಟ್ಟಿ ಒಯ್ಯತೊಡಗಿದರು. ಮಡಿಗೆ ಆಗದವಳು ರೊಟ್ಟಿಗೆ ಆದಳು! ನಾನು ಅವರೆದುರೇ ಇದನ್ನು ಅಂದು ಆತ್ಯಾಳಿಂದ ಬೈಸಿಕೊಂಡೆ. ಸೌಟು ಗೋಡೆಯ ಮೊಳೆಗೆ ಮರಳಿತು. ಉರಿ ಪೂರಾ ಹೋಗಲಿಲ್ಲ. ಮೋಡ ಕವಿದ ದಿನ ಬೆನ್ನಿನ ಹತ್ತಿರ ಒಂದು ಬೆರಳಗಲ ಚುರುಗುಟ್ಟುತ್ತಿತ್ತು. “ಇರ್ಲಿ, ಅಷ್ಟು ಬಾಡಿಗಿ ಕೊಟ್ರ ನಡೀತದ” ಎನ್ನುತ್ತಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ, ಹಲಗೆಯ ಮುಂದೆ ಕೂತಲ್ಲಿಯೇ, ತನ್ನ ಮನೆಯಲ್ಲಿಯೇ ಹೋದಳು. ಹೃದಯ ನಿಂತಿತ್ತು.

ವರ್ಷದ ಶ್ರಾದ್ಧ ಕಮಲಾಪುರದಲ್ಲಿ, ನಮ್ಮ ಮನೆಯಲ್ಲಿ ಆಯಿತು. ನರಸಿಂಹಾಚಾರ್ಯರು ತಾವಾಗಿಯೇ ಬಂದರು, ತಲೆ ಪೂರಾ ಬೆಳ್ಳಗಾಗಿತ್ತು. ಹೋದವರಿಗೆ ಸೇರುತ್ತಿದ್ದದ್ದನ್ನು ಎಲೆಗೆ ಬಡಿಸುವುದು ಪದ್ಧತಿ. “ಅನಸೂಯಾಬಾಯಿಗೆ ಏನು ಸೇರ್ತಿತ್ತು?” ಎಂದು ಅಡಿಗೆಯವಳು ಕೇಳಿದಳು.

“ಕೆಂಪು ಖಾರ,” ಎಂದೆ ನಾನು.

ಆಚಾರ್ಯರು ತಲೆ ತಗ್ಗಿಸಿ, “ಅದು ಎಲಿಗೆ ಬರಂಗಿಲ್ಲವಾ ವಾರಿಜಾ,” ಎಂದರು. ಅವರ ದನಿ ನಡುಗುತ್ತಿತ್ತು. ಜಗಳ ಮಾಡಬೇಕೆಂದು ಬಾಯಿ ತೆರೆದವಳು, ಆ ದನಿ ಕೇಳಿ ಮುಚ್ಚಿದೆ. ಎಷ್ಟೋ ಮಂದಿಗೆ ಸಪ್ಪನೆಯದನ್ನು ಚಾಚೂ ತಪ್ಪದೆ ಬಡಿಸಿದವಳ ಎಲೆಗೆ ಸಪ್ಪನೆಯದೇ ಬಿತ್ತು. ಗಟ್ಟಿ ಪಾಯಸ ಮಾತ್ರ ನಾನು ಹೇಳಿ ಮಾಡಿಸಿದ್ದೆ.

ಬ್ರಾಹ್ಮಣರು ಎದ್ದ ಮೇಲೆ ನಾನು ಉಣ್ಣಲು ಕೂಡಲಿಲ್ಲ. ಹಿತ್ತಲ ಬಾಗಿಲು ದಾಟಿ ಚಪ್ಪರಕ್ಕೆ ಹೋದೆ. ಶಿವಕಾಂತಮ್ಮ ಅವತ್ತು ಕೆಲಸಕ್ಕೆ ಕೂತಿರಲಿಲ್ಲ. ನನ್ನನ್ನು ಕಂಡು, ಒಂದು ರೊಟ್ಟಿ ಬಡಿದು ಬೇಯಿಸಿ, ಅದರ ಮೇಲೆ ಗಡಿಗೆಯ ಕೆಂಪು ಖಾರ ಹಾಕಿ ಎಣ್ಣೆ ಬಿಟ್ಟು ಮುಂದಿಟ್ಟಳು. ಎರಡನೆಯ ತುತ್ತಿಗೇ ಬಾಯಿ ಹತ್ತಿ ಉರಿಯಿತು. ಮೂಗು ಸೋರಿತು, ಕಣ್ಣು ಸೋರಿತು. ಬೆಳಗಿನಿಂದ ಒಂದು ಹನಿ ಬಾರದಿದ್ದ ಕಣ್ಣು. ಹಾಗೇ ತಿಂದೆ. ಉರಿ ಏರಿ, ಏರಿ, ಒಂದು ಹಂತದಲ್ಲಿ ತಾನಾಗಿಯೇ ಇಳಿಯತೊಡಗಿತು, ಮೈ ಸಡಿಲಾಯಿತು, ಎದೆಯ ಮೇಲಿದ್ದದ್ದು ಯಾರೋ ತುಸು ಎತ್ತಿ ಹಿಡಿದಂತಾಯಿತು. ಗೋಡೆಗೆ ಒರಗಿದೆ. ಆತ್ಯಾ ಕಣ್ಣು ಮುಚ್ಚುತ್ತಿದ್ದದ್ದು ಇದಕ್ಕೇ ಎಂದು ಆಗ ತಿಳಿಯಿತು.

“ಇನ್ನೊಂದು ಹಾಕಲೇನವ್ವಾ?” ಎಂದಳು ಶಿವಕಾಂತಮ್ಮ, ತನ್ನ ಕಣ್ಣು ಒರೆಸಿಕೊಳ್ಳುತ್ತಾ.

“ಹಾಕು,” ಎಂದೆ. “ಖಾರ ಜಾಸ್ತಿ ಇರ್ಲಿ.”